ನೋಡಲು ಸಾಕು, ದುಡಿಯಲು ಸಾಲದು

ಒಂದು ಜಿಬಿ ಡೇಟಾ ಒಂದು ಲೋಟ ಚಹಾಕ್ಕಿಂತ ಅಗ್ಗ. ಈ ಮಾತು ಕೇಳಿಬರದ ವೇದಿಕೆ ಈಗ ಉಳಿದಿಲ್ಲ. ಮಂತ್ರಿಗಳು ಹೇಳುತ್ತಾರೆ, ಕಂಪನಿಯವರು ಹೇಳುತ್ತಾರೆ, ಟಿವಿ ಚರ್ಚೆಗೆ ಬಂದು ಕೂತವರು ಹೇಳುತ್ತಾರೆ, ರೈಲಿನಲ್ಲಿ ಎದುರು ಸೀಟಿನವರೂ ಹೇಳುತ್ತಾರೆ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು, ತಿಂಗಳುಗಟ್ಟಲೆ ಪುಕ್ಕಟೆ ಕೊಟ್ಟಿತು, ಉಳಿದವರೂ ದರ ಇಳಿಸಿದರು, ಅಲ್ಲಿಗೆ ಭಾರತದ ಇಂಟರ್ನೆಟ್ ಸಮಸ್ಯೆ ಮುಗಿಯಿತು ಎಂಬುದು ನಮ್ಮ ಕಾಲದ ಪುರಾಣ. ಆ ಮೇಲೂ ಯಾರಾದರೂ ‘ನೆಟ್ ಸರಿಯಿಲ್ಲ’ ಎಂದು ಗೊಣಗಿದರೆ ಅವರು ಒಂದೋ ಕಾಡಿನ ಮೂಲೆಯವರು, ಇಲ್ಲವೇ ರಾತ್ರಿಯೆಲ್ಲ ಗೇಮ್ ಆಡುವ ಪೋಲಿ ಹುಡುಗರು. ಅವರ ಗೊಣಗಾಟಕ್ಕೆ ಕಿವಿಗೊಡುವ ಅಗತ್ಯ ಯಾರಿಗೂ ಕಂಡಿಲ್ಲ.

ಚಹಾದ ಲೆಕ್ಕವನ್ನೇ ಹಿಡಿಯೋಣ. ಕುಡಿದು ಹೋಗುವವನಿಗೆ ಲೋಟದ ಬೆಲೆ ಗೊತ್ತಿದ್ದರೆ ಸಾಕು. ಚಹಾದಂಗಡಿ ಇಡಲು ಹೊರಟವನಿಗೆ ದಿನವಿಡೀ ನಲ್ಲಿಯಲ್ಲಿ ನೀರು ಬರಬೇಕು, ಒಲೆ ಆರಬಾರದು. ನಮ್ಮ ದೇಶ ಇಂಟರ್ನೆಟ್ಟನ್ನು ಕುಡಿದು ಹೋಗುವವನ ಕಣ್ಣಿನಿಂದ ಮಾತ್ರ ನೋಡಿದೆ. ಜಿಬಿಗೆ ಎಷ್ಟು ರೂಪಾಯಿ ಎಂಬ ಒಂದೇ ಪ್ರಶ್ನೆ ಕೇಳಿ, ಒಂದೇ ಉತ್ತರ ಪಡೆದು, ಬೆನ್ನು ತಟ್ಟಿಕೊಂಡಿದೆ. ಆ ಜಿಬಿ ಎಷ್ಟು ಹೊತ್ತಿಗೆ ಬರುತ್ತದೆ, ಕರೆಂಟ್ ಹೋದಾಗಲೂ ಬರುತ್ತದೆಯೇ, ನಮ್ಮಿಂದ ಹೊರಗೆ ಹೋಗುವ ದಾರಿ ಎಷ್ಟು ಅಗಲ, ಮನೆಗೆ ತಂತಿ ಎಳೆಯಲು ಯಾರು ದುಡ್ಡು ಕೊಡಬೇಕು? ಇವನ್ನು ಕೇಳುವುದೇ ಕೃತಘ್ನತೆ ಎಂಬಂತೆ ಮಾತನಾಡುತ್ತೇವೆ.

2024ರ ಕೊನೆಯ ಹೊತ್ತಿಗೆ ದೇಶದಲ್ಲಿ 94 ಕೋಟಿಗೂ ಹೆಚ್ಚು ಬ್ರಾಡ್‌ಬ್ಯಾಂಡ್ ಚಂದಾದಾರರಿದ್ದಾರೆ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಲೆಕ್ಕ ಕೊಟ್ಟಿತ್ತು. ಕೇಳಲು ಭರ್ಜರಿ ಅಂಕಿ. ಅದರಲ್ಲಿ ಮನೆಗೋ ಅಂಗಡಿಗೋ ತಂತಿಯಲ್ಲಿ ಸಂಪರ್ಕ ಪಡೆದವರು ಸುಮಾರು ನಾಲ್ಕು ಕೋಟಿ. ನೂರರಲ್ಲಿ ಐದು ಮಂದಿಯೂ ಆಗಲಿಲ್ಲ. ಉಳಿದವರೆಲ್ಲ ಕೈಯಲ್ಲಿ ಮೊಬೈಲ್ ಹಿಡಿದವರು. ದಿನಕ್ಕೆ ಒಂದೂವರೆ ಜಿಬಿಯೋ ಎರಡು ಜಿಬಿಯೋ ಪಡಿತರದಂತೆ ಸಿಗುತ್ತದೆ, ನಡುರಾತ್ರಿ ದಾಟಿದರೆ ಹೊಸ ಪಡಿತರ. ಮುಗಿದರೆ? ಬಹುತೇಕ ಪ್ರೀಪೇಯ್ಡ್ ಪ್ಯಾಕ್‌ಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಜಾಹೀರಾತಿನಲ್ಲಿ ಅದಕ್ಕೂ ‘ಅನ್‌ಲಿಮಿಟೆಡ್’ ಎಂದೇ ಹೆಸರು. 2004ರ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ, ಅಂದರೆ ಸೈಬರ್ ಕೆಫೆಗಳ ಕಾಲದಲ್ಲಿ, ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು ಬೇಕಿದ್ದ ಕನಿಷ್ಠ ವೇಗ 256 ಕೆಬಿಪಿಎಸ್. ಇಪ್ಪತ್ತು ವರ್ಷದ ಹಿಂದಿನ ಆ ಅಳತೆಯ ಕಾಲು ಭಾಗವನ್ನು ಕೊಟ್ಟು ಮಿತಿಯಿಲ್ಲ ಅನ್ನುವವರಿಗೆ ನಾವು ಚಪ್ಪಾಳೆ ತಟ್ಟುತ್ತಿದ್ದೇವೆ.

ಸರ್ಕಾರದ ಅಳತೆಗೋಲೂ ಇದಕ್ಕಿಂತ ಬಹಳ ಮೇಲಿಲ್ಲ. 2013ರಲ್ಲಿ ಕನಿಷ್ಠ ವೇಗವನ್ನು 512 ಕೆಬಿಪಿಎಸ್‌ಗೆ ಏರಿಸಿದರು. ಹತ್ತು ವರ್ಷ ಕಳೆದು 2023ರ ಜನವರಿಯಲ್ಲಿ 2 ಎಂಬಿಪಿಎಸ್ ಮಾಡಿದರು. ಮರುವರ್ಷ ಅಮೆರಿಕ ತನ್ನ ಗೆರೆಯನ್ನು 100 ಎಂಬಿಪಿಎಸ್‌ಗೆ ಒಯ್ದಿತು, ಜೊತೆಗೆ ಅಪ್‌ಲೋಡ್‌ಗೆ 20 ಎಂಬಿಪಿಎಸ್ ಬೇಕು ಎಂದು ಬೇರೆಯಾಗಿ ಬರೆಯಿತು. ನಾವು ಅಮೆರಿಕವಾಗಬೇಕಿಲ್ಲ, ಒಪ್ಪುತ್ತೇನೆ. ಆದರೆ ಪಾಸ್ ಅಂಕವನ್ನು ಅಷ್ಟು ಕೆಳಗಿಟ್ಟುಕೊಂಡು ಫಲಿತಾಂಶ ನೂರಕ್ಕೆ ನೂರು ಬಂತೆಂದು ಪಟಾಕಿ ಹೊಡೆಯುವುದು ಯಾವ ಶಾಲೆಯ ಮರ್ಯಾದೆ?

ಅಗ್ಗ ಅನ್ನುವ ಮಾತನ್ನೂ ಒಮ್ಮೆ ಬಿಸಿಲಿಗೆ ಹಿಡಿಯಬೇಕು. 2024ರ ಜುಲೈನಲ್ಲಿ ಖಾಸಗಿಯ ಮೂರೂ ಕಂಪನಿಗಳು ಹೆಚ್ಚುಕಡಿಮೆ ಒಂದೇ ವಾರದಲ್ಲಿ ಮೊಬೈಲ್ ದರ ಏರಿಸಿದವು. ‘ಸ್ಪರ್ಧೆಯಿಂದ ದರ ಇಳಿಯುತ್ತದೆ’ ಎಂದು ಎಂಟು ವರ್ಷ ಪಾಠ ಹೇಳಿದವರು ಆ ವಾರ ಎಲ್ಲಿದ್ದರೋ! ಇನ್ನು ತಂತಿಯ ಸಂಪರ್ಕ. ಬಿಎಸ್‌ಎನ್‌ಎಲ್‌ನ ಸಾಮಾನ್ಯ ಫೈಬರ್ ಪ್ಲ್ಯಾನ್ ತಿಂಗಳಿಗೆ 449 ರೂಪಾಯಿ. ಅದರ ಮೇಲೆ ಜಿಎಸ್‌ಟಿ ಶೇ 18 ಸೇರಿ 530ರ ಹತ್ತಿರ. ಈ ದೇಶದಲ್ಲಿ ಚಿನ್ನಕ್ಕೆ ಶೇ 3 ಜಿಎಸ್‌ಟಿ, ಇಂಟರ್ನೆಟ್‌ಗೆ ಶೇ 18. ಮಗಳ ಕೊರಳಿಗೆ ಸರ ಮಾಡಿಸುವವನಿಗೆ ಸರ್ಕಾರ ತೋರುವ ಕರುಣೆ ಅದೇ ಮಗಳಿಗೆ ಓದಲು ಲೈನ್ ಹಾಕಿಸುವವನ ಮೇಲೆ ಇಲ್ಲ. ಲೈನ್ ಹಾಕಿಸುವುದು ಬೇರೆಯೇ ಕಥೆ. ಮಲೆನಾಡಿನಲ್ಲೂ ಕರಾವಳಿಯ ಒಳನಾಡಿನಲ್ಲೂ ಮನೆಗಳು ತೋಟದ ನಡುವೆ ಒಂಟಿಯಾಗಿರುತ್ತವೆ. ಕೇಬಲ್‌ನವರು ಮೀಟರ್ ಲೆಕ್ಕದಲ್ಲಿ ತಂತಿಯ ದುಡ್ಡು ಕೇಳುತ್ತಾರೆ, ಮೋಡೆಮ್‌ಗೆ ಬೇರೆ ದುಡ್ಡು, ಮಳೆಗಾಲದಲ್ಲಿ ಮರ ಬಿದ್ದು ತುಂಡಾದರೆ ಮತ್ತೆ ಜೋಡಿಸುವವರ ದಾರಿ ಕಾಯಬೇಕು. ಅವರನ್ನೂ ದೂರಿ ಪ್ರಯೋಜನವಿಲ್ಲ. ಕಂಬದ ಬಾಡಿಗೆ, ರಸ್ತೆ ಅಗೆಯುವ ಅನುಮತಿ, ಜೆಸಿಬಿ ಕಡಿದು ಹಾಕುವ ಫೈಬರ್ ಎಲ್ಲವೂ ಅವರ ತಲೆಯ ಮೇಲೆಯೇ. ಹತ್ತು ಮನೆಗಾಗಿ ಮೂರು ಮೈಲಿ ತಂತಿ ಎಳೆಯುವ ವ್ಯಾಪಾರ ಗಿಟ್ಟುವುದಿಲ್ಲ. ಗಿಟ್ಟದ ಕೆಲಸ ಮಾಡಲಿಕ್ಕೇ ಸರ್ಕಾರ ಇರುವುದು. ಅದು ಚಹಾದ ಲೋಟ ತೋರಿಸುತ್ತಿದೆ.

ಈಗ ಆ ಪೋಲಿ ಹುಡುಗರ ವಿಷಯಕ್ಕೆ ಬರುತ್ತೇನೆ. ಅವರನ್ನು ಹಾಸ್ಯ ಮಾಡುವವರಿಗೆ ಒಂದು ಸಂಗತಿ ಗೊತ್ತಿದ್ದಂತಿಲ್ಲ. ಜಾಲದ ಗುಣವನ್ನು ಅತ್ಯಂತ ನಿಷ್ಠುರವಾಗಿ ಅಳೆಯುವವರು ಈ ಹುಡುಗರೇ. ಸಿನಿಮಾ ನೋಡುವಾಗ ಆ್ಯಪ್ ಮುಂದಿನ ಅರ್ಧ ನಿಮಿಷದ ದೃಶ್ಯವನ್ನು ಮೊದಲೇ ಇಳಿಸಿಟ್ಟುಕೊಂಡಿರುತ್ತದೆ. ನಡುವೆ ಜಾಲ ಎರಡು ಸೆಕೆಂಡು ಮುಗ್ಗರಿಸಿದರೂ ನಮಗೆ ತಿಳಿಯುವುದಿಲ್ಲ. ಆಟದಲ್ಲಿ ಅಂಥ ಮುಚ್ಚುಮರೆ ಸಾಧ್ಯವಿಲ್ಲ. ಎದುರಾಳಿ ಈಗ ಎಲ್ಲಿದ್ದಾನೆ ಎಂಬುದನ್ನು ಮೊದಲೇ ಇಳಿಸಿಟ್ಟುಕೊಳ್ಳಲು ಬರುವುದಿಲ್ಲವಲ್ಲ. ಬಿಜಿಎಂಐನಂಥ ಗುಂಡಿನ ಕಾಳಗದ ಆಟಕ್ಕೆ ಬೇಕಾಗುವ ಡೇಟಾ ಬಹಳ ಕಡಿಮೆ, ಒಂದು ಗಂಟೆ ರೀಲ್ಸ್ ನೋಡುವುದಕ್ಕೆ ಹೋಲಿಸಿದರೆ ಚಿಲ್ಲರೆ. ಅದಕ್ಕೆ ಬೇಕಾದದ್ದು ಹೋದ ಸಂದೇಶ ಬೇಗ ಮರಳುವುದು, ಪ್ರತಿ ಸಲವೂ ಅಷ್ಟೇ ಬೇಗ ಮರಳುವುದು. ಹುಡುಗರು ಪಿಂಗ್ ಅನ್ನುವುದು ಇದಕ್ಕೇ.

ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಮುಂಬೈ ಸರ್ವರ್‌ಗೆ ಸಾವಿರ ಕಿಲೋಮೀಟರ್ ಹಿಡಿದರೂ ಹೋಗಿಬರಲು ಭೌತಶಾಸ್ತ್ರ ಕೇಳುವುದು 10 ಮಿಲಿಸೆಕೆಂಡು. ಸಂಜೆ ಏಳಕ್ಕೆ ಊರಿನವರೆಲ್ಲ ಒಂದೇ ಟವರಿಗೆ ಜೋತುಬಿದ್ದಾಗ ನಮ್ಮ ಹುಡುಗನ ಪರದೆಯಲ್ಲಿ 150 ಕಾಣುತ್ತದೆ, ಮರುಕ್ಷಣ 60, ಮತ್ತೆ 300. ಸೆಕೆಂಡಿಗೆ 60 ಚಿತ್ರ ಮೂಡಿಸುವ ಪರದೆಯಲ್ಲಿ 150 ಮಿಲಿಸೆಕೆಂಡು ಎಂದರೆ ಒಂಬತ್ತು ಚಿತ್ರ ತಡ. ಎದುರಿನವನು ಗುಂಡು ಹೊಡೆದು ಮರೆಗೆ ಸರಿದ ಮೇಲೆ ಇವನಿಗೆ ಅವನು ಕಾಣಿಸಿಕೊಳ್ಳುತ್ತಾನೆ. ಸೋತವನಿಗೆ ಆಟ ಬರುವುದಿಲ್ಲ ಎಂದು ಗೆಳೆಯರು ನಗುತ್ತಾರೆ. ಇದನ್ನು ಸರಿಪಡಿಸಲು ಚಹಾಕ್ಕಿಂತ ಅಗ್ಗದ ಇನ್ನೊಂದು ಜಿಬಿ ಕೊಟ್ಟರೆ ಏನು ಉಪಯೋಗ? ಹತ್ತು ಜಿಬಿ ಕೊಡಿ, ನೂರು ಕೊಡಿ. ಪಿಂಗ್ ಒಂದು ಮಿಲಿಸೆಕೆಂಡೂ ಇಳಿಯದು.

ಆಟ ಆಡಿ ಹಾಳಾಗುವ ಹುಡುಗರಿಗೆ ಇಷ್ಟೆಲ್ಲ ಏಕೆ ಎಂಬ ಹಿರಿಯರ ಆಕ್ಷೇಪ ನನಗೆ ಕೇಳಿಸುತ್ತಿದೆ. ಹಣ ಕಟ್ಟಿ ಆಡುವ ಜೂಜಿನ ಆ್ಯಪ್‌ಗಳು ಮನೆಗಳನ್ನು ಹಾಳುಮಾಡಿದ್ದು ನಿಜ, ಅವನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತಿನ ಕಾಯ್ದೆ ನಿಷೇಧಿಸಿಯೂ ಆಯಿತು. ಅದೇ ಕಾಯ್ದೆ ಇ-ಸ್ಪೋರ್ಟ್ಸ್‌ಗೆ ಉತ್ತೇಜನ ಕೊಡುತ್ತೇವೆ ಎಂದೂ ಹೇಳುತ್ತದೆ. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಇ-ಸ್ಪೋರ್ಟ್ಸ್‌ಗೆ ಪದಕವಿತ್ತು, ಭಾರತದ ಆಟಗಾರರೂ ಹೋಗಿದ್ದರು. ಅದೂ ನಿಮಗೆ ಸಾಲದಿದ್ದರೆ ಚದುರಂಗವನ್ನು ನೋಡಿ. ಗುಕೇಶ್ ಜಗಜ್ಜೇತನಾದಾಗ ಮನೆಮನೆಯಲ್ಲಿ ಸಿಹಿ ಹಂಚಿದ ಹಿರಿಯರಿಗೆ ಇಂದಿನ ಮಕ್ಕಳು ಚದುರಂಗ ಕಲಿಯುವುದೂ, ತಮಗಿಂತ ಗಟ್ಟಿಗರ ಜೊತೆ ಪಳಗುವುದೂ ಬಹುಪಾಲು ಆನ್‌ಲೈನ್‌ನಲ್ಲಿ ಎಂಬುದು ತಿಳಿದಿದೆಯೇ? ಮೂರು ನಿಮಿಷದ ಆಟದಲ್ಲಿ ಸಂಪರ್ಕ ಕಡಿದರೂ ಗಡಿಯಾರ ನಿಲ್ಲುವುದಿಲ್ಲ. 2020ರ ಆನ್‌ಲೈನ್ ಒಲಿಂಪಿಯಾಡ್ ಫೈನಲ್‌ನಲ್ಲಿ ಭಾರತದ ಇಬ್ಬರು ಆಟಗಾರರ ಸಂಪರ್ಕ ತಪ್ಪಿತು. ಅದು ಜಗತ್ತಿನ ಹಲವೆಡೆ ಏಕಕಾಲಕ್ಕೆ ಆದ ತೊಂದರೆಯಾದ್ದರಿಂದ ಅಂತರರಾಷ್ಟ್ರೀಯ ಚದುರಂಗ ಸಂಸ್ಥೆ ಫಿಡೆ ರಷ್ಯಾದ ಜೊತೆ ಭಾರತಕ್ಕೂ ಚಿನ್ನ ಹಂಚಿತು. ಸಿದ್ದಾಪುರದ ಹಳ್ಳಿಯ ಹುಡುಗಿಯ ಸಂಪರ್ಕ ತಪ್ಪಿದರೆ ಯಾವ ಫಿಡೆ ಬಂದು ನ್ಯಾಯ ಹೇಳುತ್ತದೆ?

ಬಿಜಿಎಂಐ ಮಾಡಿದ ಕ್ರಾಫ್ಟನ್ ಯಾವ ದೇಶದ್ದು? ದಕ್ಷಿಣ ಕೊರಿಯಾದ್ದು. ಅಲ್ಲಿನ ಸರ್ಕಾರ 1995ರಲ್ಲೇ ದೇಶವ್ಯಾಪಿ ಮಾಹಿತಿ ಜಾಲದ ಯೋಜನೆ ಹಿಡಿಯಿತು. 1997ರ ಆರ್ಥಿಕ ಕುಸಿತದಲ್ಲಿ ಕೈಸುಟ್ಟುಕೊಂಡ ಮೇಲೂ ತಂತಿ ಎಳೆಯುವುದನ್ನು ನಿಲ್ಲಿಸಲಿಲ್ಲ. ಕೆಲಸ ಕಳೆದುಕೊಂಡ ಹಲವರು ಪಿಸಿ ಬಾಂಗ್ ಎಂಬ ಆಟದ ಅಂಗಡಿ ತೆರೆದರು, ಹುಡುಗರು ಅಲ್ಲಿ ಸ್ಟಾರ್‌ಕ್ರಾಫ್ಟ್ ಆಡಿದರು, 2000ದ ಹೊತ್ತಿಗೆ ಇ-ಸ್ಪೋರ್ಟ್ಸ್ ಸಂಘವೇ ಹುಟ್ಟಿತು. ಆ ಹುಡುಗರ ಪೀಳಿಗೆ ಬೆಳೆದು ಮಾಡಿದ ಆಟಗಳನ್ನು ಈಗ ಹಾವೇರಿಯ ಹುಡುಗ ಆಡುತ್ತಾನೆ, ಬಂದೂಕಿಗೆ ಬಣ್ಣ ಹಚ್ಚಿಸಿಕೊಳ್ಳಲು ಅಪ್ಪನ ಯುಪಿಐನಿಂದ ದುಡ್ಡನ್ನೂ ಕಟ್ಟುತ್ತಾನೆ. ಅವರು ತಂತಿ ಎಳೆದು ಕಾರಖಾನೆ ಕಟ್ಟಿದರು, ನಾವು ಡೇಟಾ ಅಗ್ಗ ಮಾಡಿ ಗಿರಾಕಿಗಳನ್ನು ತಯಾರಿಸಿದೆವು. ಇದನ್ನು ಡಿಜಿಟಲ್ ಕ್ರಾಂತಿ ಅನ್ನುವುದಾದರೆ ಕ್ರಾಂತಿ ಯಾರ ಮನೆಯಲ್ಲಿ ಆದದ್ದು?

ನಮ್ಮಲ್ಲಿ ಶಕ್ತಿ ಇಲ್ಲವೆಂದಲ್ಲ. ಉಡುಪಿಯಲ್ಲಿ 1996ರಲ್ಲಿ ಶುರುವಾದ ರೋಬೋಸಾಫ್ಟ್ ಇದೆ. ಅದೇ ಊರಿನ 99ಗೇಮ್ಸ್ ಮಾಡಿದ ಸ್ಟಾರ್ ಶೆಫ್ ಎಂಬ ಆಟವನ್ನು ಎಲ್ಲೆಲ್ಲಿಯೋ ಇರುವವರು ಆಡಿದರು. ಬೆಂಗಳೂರಿನ ಹೊರಗೂ ಆಟ ಕಟ್ಟಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಕರ್ನಾಟಕ 2012ರಲ್ಲೇ ಅನಿಮೇಷನ್ ಮತ್ತು ಗೇಮಿಂಗ್‌ಗೆ ಪ್ರತ್ಯೇಕ ನೀತಿ ತಂದ ರಾಜ್ಯ. 2024ರಲ್ಲಿ ಅದರ ಹೊಸ ಆವೃತ್ತಿಯೂ ಬಂತು. ‘ಬಿಯಾಂಡ್ ಬೆಂಗಳೂರು’ ಎಂಬ ಘೋಷಣೆ ಇದೆ, ಮೈಸೂರು, ಮಂಗಳೂರು, ಹುಬ್ಬಳ್ಳಿಗಳಿಗೆ ಕ್ಲಸ್ಟರ್ ಎಂಬ ಹೆಸರಿದೆ. ಸಮಾವೇಶಗಳಿಗೇನೂ ಬರವಿಲ್ಲ. ಆದರೆ ಮಂಗಳೂರಿನ ಐಟಿ ಪಾರ್ಕಿನ ಗೇಟಿನಿಂದ ಒಂದು ಗಂಟೆ ದಾರಿ ಒಳಗೆ ಹೋದರೆ ಘೋಷಣೆಗೂ ಸಿಗ್ನಲ್ಲಿಗೂ ಒಟ್ಟಿಗೇ ತೆರೆ ಬೀಳುತ್ತದೆ. ದೊಡ್ಡ ಕಂಪನಿ ತಿಂಗಳಿಗೆ ಸಾವಿರಗಟ್ಟಲೆ ಸುರಿದು ತನಗೇ ಮೀಸಲಾದ ಲೀಸ್ಡ್ ಲೈನ್ ಹಾಕಿಸಿಕೊಳ್ಳುತ್ತದೆ, ಅದು ತುಂಡಾದರೆ ಎಂದು ಇನ್ನೊಂದನ್ನೂ ಇಟ್ಟುಕೊಳ್ಳುತ್ತದೆ. ನಾಲ್ಕು ಮಂದಿ ಸ್ನೇಹಿತರು ಸೇರಿ ಬೈಂದೂರಿನಲ್ಲೋ ಶಿರಸಿಯಲ್ಲೋ ಆಟವೊಂದನ್ನು ಕಟ್ಟುತ್ತೇವೆ ಎಂದು ಕೂತರೆ ಅವರಿಗೆ ಆ ಐಷಾರಾಮ ಇಲ್ಲ.

ಅವರ ಪಾಡಿನ ಲೆಕ್ಕ ಇಷ್ಟು. ಇಂದಿನ ದೊಡ್ಡ ಆಟವೊಂದು, ಉದಾಹರಣೆಗೆ ಬಾಲ್ಡರ್ಸ್ ಗೇಟ್ 3, ಕಂಪ್ಯೂಟರಿನಲ್ಲಿ 150 ಜಿಬಿ ಜಾಗ ಕೇಳುತ್ತದೆ. ಅಷ್ಟನ್ನು ಇಳಿಸಿಕೊಳ್ಳಲು ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪಡಿತರದಲ್ಲಿ ನೂರು ದಿನ ಬೇಕು, ಅದೂ ನಡುವೆ ಒಂದು ವಾಟ್ಸ್‌ಆ್ಯಪ್ ಚಿತ್ರವನ್ನೂ ತೆರೆಯದೆ. ಸರ್ಕಾರ ಒಪ್ಪಿದ 2 ಎಂಬಿಪಿಎಸ್ ವೇಗದಲ್ಲಾದರೆ ಸುಮಾರು ಏಳು ಹಗಲು ಏಳು ರಾತ್ರಿ. ಇದು ಇಳಿಸುವ ಲೆಕ್ಕ. ಏರಿಸುವುದು ಇನ್ನೂ ಕಷ್ಟ. ಅದೇ ವೇಗದಲ್ಲಿ 10 ಜಿಬಿಯ ಕಡತವೊಂದನ್ನು ಕಳಿಸಲು ಹನ್ನೊಂದು ಗಂಟೆ. ಹನ್ನೊಂದನೆಯ ಗಂಟೆಯಲ್ಲಿ ಕರೆಂಟ್ ಹೋಗುವುದಿಲ್ಲ ಎಂಬ ಖಾತರಿಯನ್ನು ವಿದ್ಯುತ್ ಕಂಪನಿ ಕೊಟ್ಟಿಲ್ಲ. ಕರೆಂಟ್ ಹೋದರೆ ಟವರೂ ಹೋಗುತ್ತದೆ ಎಂಬುದನ್ನು ಮಳೆಗಾಲದ ಊರುಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಏರಿಸುವ ದಾರಿಯ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಏಕೆಂದರೆ ನಮ್ಮ ಹೆಮ್ಮೆಯ ಭಾಷಣಗಳಲ್ಲಿ ಅದರ ಸುಳಿವೇ ಇರುವುದಿಲ್ಲ. ಇಳಿಸುವವನು ನೋಡುಗ, ಏರಿಸುವವನು ದುಡಿಯುವವನು. ಮದುವೆಯ ವಿಡಿಯೊ ಮಾಡುವ ತೀರ್ಥಹಳ್ಳಿಯ ಸ್ಟುಡಿಯೊದವರು, ಮನೆಯ ನಕ್ಷೆ ಬರೆಯುವ ಎಂಜಿನಿಯರ್, ಎಕ್ಸ್‌ರೇ ಚಿತ್ರವನ್ನು ಮಣಿಪಾಲಕ್ಕೆ ಕಳಿಸಿ ಅಭಿಪ್ರಾಯ ಕೇಳುವ ತಾಲ್ಲೂಕಿನ ಡಾಕ್ಟರು, ಹೋಮ್‌ಸ್ಟೇಯ ಫೋಟೊ ಹಾಕಿ ಬುಕಿಂಗ್ ಕಾಯುವ ಕೊಡಗಿನ ಗೃಹಿಣಿ, ಇವರೆಲ್ಲ ಏರಿಸುವವರು. ಯಕ್ಷಗಾನವನ್ನು ನೋಡಿ. ದುಬೈಯಲ್ಲೋ ಮಸ್ಕತ್ತಿನಲ್ಲೋ ಕೂತ ಕರಾವಳಿಯವರು ಊರಿನ ಬಯಲಾಟವನ್ನು ಯೂಟ್ಯೂಬ್‌ನಲ್ಲಿ ನೇರವಾಗಿ ನೋಡುತ್ತಾರೆ, ಕಾಣಿಕೆಯನ್ನೂ ಕಳಿಸುತ್ತಾರೆ. ಇದೊಂದು ಹೊಸ ವ್ಯಾಪಾರ, ಮೇಳಕ್ಕೂ ಕ್ಯಾಮೆರಾದವರಿಗೂ ಅದರಲ್ಲಿ ಅನ್ನವಿದೆ. ನಡುರಾತ್ರಿ ದೇವಿ ಮಹಿಷನ ಮೇಲೆ ಬೀಳುವ ಹೊತ್ತಿಗೆ ಪರದೆಯಲ್ಲಿ ಚಕ್ರ ಸುತ್ತತೊಡಗಿದರೆ ಪ್ರೇಕ್ಷಕ ಮಲಗುತ್ತಾನೆ. ಕ್ಯಾಮೆರಾದವನು ಎರಡು ಮೂರು ಕಂಪನಿಯ ಸಿಮ್ ಹೊತ್ತು ಗದ್ದೆಯ ಅಂಚಿನಲ್ಲಿ ಮೊಬೈಲ್ ಎತ್ತಿ ನಿಲ್ಲುತ್ತಾನೆ. ಚಹಾಕ್ಕಿಂತ ಅಗ್ಗದ ಡೇಟಾ ಅವನ ಎಲ್ಲ ಸಿಮ್ಮಿನಲ್ಲೂ ಇದೆ, ಏರುವುದಿಲ್ಲ ಅಷ್ಟೆ.

ಸರ್ಕಾರಿ ಕಚೇರಿಯ ಕಿಟಕಿಯಲ್ಲಿ ‘ಸರ್ವರ್ ಡೌನ್, ನಾಳೆ ಬನ್ನಿ’ ಎಂಬ ಮಾತು ಕೇಳದ ಕನ್ನಡಿಗ ಇದ್ದಾನೆಯೇ? ಪಡಿತರಕ್ಕೆ ಬೆರಳಿಟ್ಟವರು, ಪಹಣಿಗೆ ಸಾಲು ನಿಂತವರು, ಇ-ಖಾತೆಗೆ ಅಲೆದವರು ಎಲ್ಲರೂ ಕೇಳಿದ್ದಾರೆ. ಡೌನ್ ಆಗಿರುವುದು ಪ್ರತಿ ಸಲವೂ ಸರ್ವರ್ ಅಲ್ಲ, ಕೆಲವೊಮ್ಮೆ ಕಚೇರಿಗೆ ಬರುವ ತಂತಿ. ಸಣ್ಣ ವ್ಯಾಪಾರಿ ಜಿಎಸ್‌ಟಿ ರಿಟರ್ನ್ ತಡಮಾಡಿದರೆ ದಂಡ ತೆರಬೇಕು, ಇ-ವೇ ಬಿಲ್ ಇಲ್ಲದೆ ಅಡಿಕೆಯ ಲಾರಿ ಹೊರಡುವಂತಿಲ್ಲ. ಎಲ್ಲವನ್ನೂ ಆನ್‌ಲೈನ್ ಮಾಡಿ, ಲೈನ್ ಮಾತ್ರ ಕೊಡದಿರುವುದು ಯಾವ ಸೀಮೆಯ ಆಡಳಿತ? 2020ರ ಕೊರೊನಾ ಕಾಲದಲ್ಲಿ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದ ಸಾವಿರಾರು ಹುಡುಗ ಹುಡುಗಿಯರಲ್ಲಿ ಊರಲ್ಲೇ ಇದ್ದು ದುಡಿಯುವ ಆಸೆ ಎಷ್ಟೋ ಮಂದಿಗಿತ್ತು. ವಯಸ್ಸಾದ ಅಪ್ಪ ಅಮ್ಮ ಇದ್ದರು, ತೋಟವಿತ್ತು. ಮೀಟಿಂಗ್ ನಡುವೆ ನಾಲ್ಕು ಸಲ ಕಡಿದರೆ ಮ್ಯಾನೇಜರ್ ಎಷ್ಟು ದಿನ ಸುಮ್ಮನಿದ್ದಾನು? ಅವರೆಲ್ಲ ಮತ್ತೆ ಪಿಜಿಯ ಮಂಚಕ್ಕೆ ಮರಳಿದರು. ಅತ್ತ ಊರು ವೃದ್ಧಾಶ್ರಮವಾಗುತ್ತಿದೆ, ಇತ್ತ ಬೆಂಗಳೂರಿನ ಹೊರವರ್ತುಲ ರಸ್ತೆ ಉಸಿರುಕಟ್ಟಿ ನಿಂತಿದೆ. ಎರಡಕ್ಕೂ ಮದ್ದಿನ ಒಂದು ಭಾಗ ಅದೇ ತಂತಿಯಲ್ಲಿತ್ತು. ಬೆಂಗಳೂರಿನ ಸುರಂಗ ರಸ್ತೆಗೆ ಇರುವ ಉತ್ಸಾಹದ ಹತ್ತರಲ್ಲೊಂದು ಪಾಲೂ ಅದಕ್ಕೆ ಸಿಕ್ಕಿಲ್ಲ.

2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಒಂದು ಚಿತ್ರ ದೇಶವೆಲ್ಲ ಹರಿದಾಡಿತು. ಜಡಿಮಳೆಯಲ್ಲಿ ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುವ ಮಗಳು, ಕೊಡೆ ಹಿಡಿದು ನಿಂತ ಅಪ್ಪ. ಲಕ್ಷಾಂತರ ಜನ ಕಣ್ಣೊರೆಸಿಕೊಂಡು ಶೇರ್ ಮಾಡಿದರು. ಎಂಥ ಅಪ್ಪ, ಎಂಥ ಛಲ ಎಂದರು. ಅದು ರಾಜ್ಯವೊಂದು ತಲೆತಗ್ಗಿಸಬೇಕಾದ ಚಿತ್ರ, ನಾವು ಅದನ್ನು ಸ್ಫೂರ್ತಿಯ ಪೋಸ್ಟರ್ ಮಾಡಿಕೊಂಡೆವು. ಅದೇ ವರ್ಷ ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಲ್ಲಿ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂಬ ಕೂಗೆದ್ದಾಗ ಅವರನ್ನು ಹಟಮಾರಿಗಳು ಅಂದವರೂ ನಾವೇ.

ಹಾಗಾದರೆ ತಂತಿಗೆ ದುಡ್ಡಿರಲಿಲ್ಲವೇ? ಇತ್ತು, ಧಾರಾಳವಾಗಿ ಇತ್ತು. ಪ್ರತಿ ಗ್ರಾಮ ಪಂಚಾಯಿತಿಗೂ ಫೈಬರ್ ಎಂಬ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2011ರ ಅಕ್ಟೋಬರ್‌ನಲ್ಲಿ. ಸರ್ಕಾರ ಬದಲಾಯಿತು, ಹೆಸರು ಭಾರತ್‌ನೆಟ್ ಎಂದಾಯಿತು, ಗಡುವು ಮುಂದೆ ಮುಂದೆ ಹೋಯಿತು. 2018ರ ದೂರಸಂಪರ್ಕ ನೀತಿ 2022ರೊಳಗೆ ಪ್ರತಿ ಪ್ರಜೆಗೂ 50 ಎಂಬಿಪಿಎಸ್, ಪ್ರತಿ ಪಂಚಾಯಿತಿಗೆ 10 ಜಿಬಿಪಿಎಸ್ ಎಂದು ಬರೆದಿತ್ತು. 2022 ಬಂತು, ಹೋಯಿತು. ಮರುವರ್ಷದ ಜನವರಿಯಲ್ಲಿ ಅದೇ ಸರ್ಕಾರ ಬ್ರಾಡ್‌ಬ್ಯಾಂಡ್ ಅಂದರೆ 2 ಎಂಬಿಪಿಎಸ್ ಎಂದು ಅಧಿಸೂಚನೆ ಹೊರಡಿಸಿತು. ಐವತ್ತರ ಮಾತು ಕೊಟ್ಟು ಎರಡಕ್ಕೆ ಇಳಿದವರನ್ನು ಯಾವ ಚಾನೆಲ್ಲೂ ಪ್ರಶ್ನಿಸಲಿಲ್ಲ. 2023ರ ಆಗಸ್ಟ್‌ನಲ್ಲಿ ಭಾರತ್‌ನೆಟ್‌ಗೆ ಮತ್ತೆ 1.39 ಲಕ್ಷ ಕೋಟಿ ರೂಪಾಯಿ ಮಂಜೂರಾಯಿತು. ಒಂದೆಡೆ ತುಂಡಾದರೆ ಇನ್ನೊಂದು ಕಡೆಯಿಂದ ಸಂಪರ್ಕ ಬರುವಂತೆ ತಂತಿಯನ್ನು ಬಳೆಯಾಕಾರದಲ್ಲಿ ಹಾಕುತ್ತೇವೆ ಎಂದು ಈಗ ಹೇಳುತ್ತಿದ್ದಾರೆ. ಹನ್ನೆರಡು ವರ್ಷ ಸಾಲಾಗಿ ಎಳೆದ ಮೇಲೆ ಹೊಳೆದ ಜ್ಞಾನ!

ಇನ್ನೊಂದು ಗಂಟು ಇದೆ. 2002ರಿಂದ ದೂರಸಂಪರ್ಕ ಕಂಪನಿಗಳ ಆದಾಯದ ಶೇ 5 ಭಾಗ ಹಳ್ಳಿಯ ಸಂಪರ್ಕಕ್ಕೆಂದೇ ಒಂದು ನಿಧಿಗೆ ಹೋಗುತ್ತಿದೆ. ಸಾರ್ವತ್ರಿಕ ಸೇವಾ ಬಾಧ್ಯತಾ ನಿಧಿ ಎಂಬ ಅದರ ಹೆಸರನ್ನು ಈಗ ಡಿಜಿಟಲ್ ಭಾರತ್ ನಿಧಿ ಎಂದು ಬದಲಿಸಿದ್ದಾರೆ. ಕಂಪನಿ ಕಟ್ಟುತ್ತದೆ ಅನ್ನುವುದು ನೆಪ, ಅದು ನಮ್ಮ ರೀಚಾರ್ಜಿನಿಂದಲೇ ಹೋಗುವುದು. ಸಿಗ್ನಲ್ ಹುಡುಕಿ ಗುಡ್ಡ ಹತ್ತುವವನೂ ಅದಕ್ಕೆ ಪಾಲು ಕೊಟ್ಟಿದ್ದಾನೆ. ಆ ನಿಧಿಯಲ್ಲಿ ಹತ್ತಾರು ಸಾವಿರ ಕೋಟಿ ವರ್ಷಗಟ್ಟಲೆ ಖರ್ಚಾಗದೆ ಉಳಿದದ್ದು ಗುಟ್ಟೇನಲ್ಲ. ಇತ್ತ ಹಳ್ಳಿಗೆ ಹೋಗುತ್ತಿದ್ದ ಒಬ್ಬನೇ ಲೈನ್‌ಮನ್ ಕೂಡ ಇಲ್ಲವಾದ. 2020ರ ಜನವರಿಯಲ್ಲಿ ಒಂದೇ ದಿನ ಬಿಎಸ್‌ಎನ್‌ಎಲ್‌ನ 78 ಸಾವಿರ ನೌಕರರು ಸ್ವಯಂ ನಿವೃತ್ತರಾದರು. ಕೊರೊನಾ ಬಂದು ದೇಶವೇ ಮನೆಯಿಂದ ಕೆಲಸ ಮಾಡಬೇಕಾಗಿ ಬಂದಾಗ ತಂತಿ ಜೋಡಿಸಲು ಬರುತ್ತಿದ್ದವರು ಮನೆಯಲ್ಲಿ ಕೂತಿದ್ದರು. 4ಜಿಗಾಗಿ ಆ ಸಂಸ್ಥೆಯನ್ನು ಕಾಯಿಸಿದ್ದು 2025ರ ಸೆಪ್ಟೆಂಬರ್‌ವರೆಗೆ. ಆ ಹೊತ್ತಿಗೆ ಖಾಸಗಿಯವರು 5ಜಿ ಶುರುಮಾಡಿ ಮೂರು ವರ್ಷವಾಗುತ್ತ ಬಂದಿತ್ತು.

ಗ್ರಾಹಕನಿಗೆ ರಕ್ಷಣೆ ಇದೆಯಲ್ಲ ಎನ್ನುವವರು 2024ರ ಟ್ರಾಯ್ ನಿಯಮವನ್ನು ಒಮ್ಮೆ ಓದಬೇಕು. ಮೊಬೈಲ್ ಜಾಲ ನಿಂತುಹೋದರೆ ಬಾಡಿಗೆ ಕಡಿತ ಸಿಗುತ್ತದೆ, ಯಾವಾಗ? ಒಂದು ಜಿಲ್ಲೆಯ ಮಟ್ಟದಲ್ಲಿ 24 ಗಂಟೆಗಿಂತ ಹೆಚ್ಚು ಕಾಲ ನಿಂತರೆ. ನಿಮ್ಮ ಕಣಿವೆ ಒಂದು ವಾರ ಕತ್ತಲಲ್ಲಿದ್ದರೂ ಜಿಲ್ಲಾ ಕೇಂದ್ರದಲ್ಲಿ ಗಡ್ಡ ಬೋಳಿಸಿಕೊಳ್ಳುತ್ತ ರೀಲ್ಸ್ ನೋಡುವವನಿಗೆ ಜಾಲ ಸಿಕ್ಕಿದೆ ಎಂದರೆ ನಿಮಗೆ ಏನೂ ಆಗಿಲ್ಲ ಎಂದೇ ಅರ್ಥ.

ಪಕ್ಕದ ಕೇರಳ 2023ರ ಜೂನ್‌ನಲ್ಲಿ ಕೆ-ಫೋನ್ ಎಂಬ ಸ್ವಂತ ಜಾಲ ಉದ್ಘಾಟಿಸಿತು. ವಿದ್ಯುತ್ ಮಂಡಳಿಯ ಕಂಬಗಳ ಮೇಲೆಯೇ ಫೈಬರ್ ಎಳೆಯಿತು, 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಸಂಪರ್ಕದ ಗುರಿ ಇಟ್ಟುಕೊಂಡಿತು. ಗುರಿ ಇನ್ನೂ ದೂರವಿದೆ, ತಡವಾದುದಕ್ಕೂ ಟೆಂಡರ್‌ಗಳಿಗೂ ಅಲ್ಲಿನ ವಿರೋಧ ಪಕ್ಷ ಸರ್ಕಾರವನ್ನು ಚೆನ್ನಾಗಿ ಬೈದಿದೆ. ಬೈಯಲಿ. ಬೈಯಲಿಕ್ಕಾದರೂ ಅಲ್ಲೊಂದು ಯೋಜನೆ ಇದೆ, ಇಂಟರ್ನೆಟ್ ಪ್ರಜೆಯ ಹಕ್ಕು ಎಂದು ಬಾಯಿಬಿಟ್ಟು ಹೇಳಿದ ಸರ್ಕಾರವಿದೆ. ದೇಶದ ಐಟಿ ರಾಜಧಾನಿಯನ್ನು ಇಟ್ಟುಕೊಂಡ ಕರ್ನಾಟಕದಲ್ಲಿ ಬೈಯಲು ಏನಿದೆ? ಆ ರಾಜಧಾನಿಯಲ್ಲೇ ಮರದಿಂದ ಮರಕ್ಕೆ ಜೋತಾಡುವ ಕೇಬಲ್ಲುಗಳೂ, ‘ನಮ್ಮ ಕಟ್ಟಡಕ್ಕೆ ಈ ಒಂದು ಕಂಪನಿ ಮಾತ್ರ’ ಎಂದು ಬಿಲ್ಡರ್‌ಗಳು ಮಾಡಿಕೊಂಡ ಒಪ್ಪಂದಗಳೂ ಇವೆ. ಊರು ದೊಡ್ಡದಾದ ಮಾತ್ರಕ್ಕೆ ಗಿರಾಕಿಗೆ ಆಯ್ಕೆ ಬಂತೆಂದಲ್ಲ.

ಈಗ ಹೊಸ ಸಮಾಧಾನವೊಂದು ಸಿದ್ಧವಾಗಿದೆ. 2025ರ ಜೂನ್‌ನಲ್ಲಿ ಸ್ಟಾರ್‌ಲಿಂಕ್‌ಗೆ ಉಪಗ್ರಹ ಇಂಟರ್ನೆಟ್ಟಿನ ಪರವಾನಗಿ ಸಿಕ್ಕಿತಲ್ಲ, ಇನ್ನು ಆಕಾಶದಿಂದಲೇ ಇಳಿಯುತ್ತದೆ ಎನ್ನುತ್ತಿದ್ದಾರೆ. 5ಜಿಯ ಏರ್‌ಫೈಬರ್ ಬಂತಲ್ಲ, ತಂತಿಯ ಗೊಡವೆಯೇ ಬೇಡ ಎನ್ನುತ್ತಿದ್ದಾರೆ. ಏರ್‌ಫೈಬರ್ ಪೆಟ್ಟಿಗೆಗೆ ಸಂಕೇತ ಕೊಡುವ ಟವರಿನ ಬುಡಕ್ಕೆ ಫೈಬರ್ ಬೇಡವೇ? ಉಪಗ್ರಹದ ಬುಟ್ಟಿ ಕೊಳ್ಳುವ ಶಕ್ತಿ ಇದ್ದ ಎಸ್ಟೇಟ್ ಮಾಲೀಕರಿಗೆ ಅದು ಒದಗೀತು, ಸಂತೋಷ. ಅದನ್ನು ಇಡೀ ಹೋಬಳಿಯ ಮದ್ದು ಎಂದು ಮಾರುವುದು ಸರ್ಕಾರ ತನ್ನ ಕೆಲಸದಿಂದ ಕೈತೊಳೆದುಕೊಳ್ಳುವ ಇನ್ನೊಂದು ಉಪಾಯ.

ಆದ್ದರಿಂದ ಜಿಬಿಯ ಬೆಲೆ ಹೇಳುವ ಭಾಷಣಕ್ಕೆ ಚಪ್ಪಾಳೆ ತಟ್ಟುವುದನ್ನು ಮೊದಲು ನಿಲ್ಲಿಸಿ. ಬ್ರಾಡ್‌ಬ್ಯಾಂಡ್ ಅನ್ನುವ ಹೆಸರಿಗೆ ಕನಿಷ್ಠ 50 ಎಂಬಿಪಿಎಸ್ ಬೇಕು, ಅಪ್‌ಲೋಡ್ ಮತ್ತು ಪಿಂಗ್‌ಗೆ ಬೇರೆ ಬೇರೆ ಗೆರೆ ಬೇಕು. ಮನೆಯ ತಂತಿ ಸಂಪರ್ಕದ ಮೇಲಿನ ಜಿಎಸ್‌ಟಿಯನ್ನು ಚಿನ್ನದ ಮಟ್ಟಕ್ಕಾದರೂ ಇಳಿಸಿ. ರಾಜ್ಯದ ಎಸ್ಕಾಂಗಳ ಕಂಬಗಳನ್ನು ಹಳ್ಳಿಯ ಫೈಬರ್‌ಗೆ ಬಾಡಿಗೆಯಿಲ್ಲದೆ ತೆರೆಯಿರಿ. ಜಾಲ ನಿಂತರೆ ಪರಿಹಾರದ ಲೆಕ್ಕ ಜಿಲ್ಲೆಯಿಂದ ಗ್ರಾಮ ಪಂಚಾಯಿತಿಗೆ ಇಳಿಯಲಿ. ಗೇಮಿಂಗ್ ನೀತಿಗೆ ಸಹಿ ಹಾಕುವ ಮಂತ್ರಿ ಅದೇ ದಿನ ಹೊಸನಗರದಲ್ಲೋ ಜೋಯಿಡಾದಲ್ಲೋ ಕೂತು ಒಂದು ಪಂದ್ಯ ಆಡಿ ತೋರಿಸಲಿ.

ಇದೆಲ್ಲ ಬೆಂಗಳೂರು, ದೆಹಲಿಗಳ ಮಟ್ಟದ ಮಾತು, ನಮ್ಮ ಕೈಯಲ್ಲೇನಿದೆ ಅನ್ನಬೇಡಿ. ರಾಜ್ಯದ ಸುಮಾರು ಆರು ಸಾವಿರ ಗ್ರಾಮ ಪಂಚಾಯಿತಿಗಳಿಗೆ ಕೊಟ್ಟ ಭಾರತ್‌ನೆಟ್ ಪೆಟ್ಟಿಗೆ ಕಚೇರಿಯ ಯಾವ ಮೂಲೆಯಲ್ಲಿದೆ ಎಂದು ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಪಿಡಿಒ ಅವರನ್ನು ಕೇಳಿ. ಅದರ ದೀಪ ಉರಿಯುತ್ತಿದೆಯೇ, ಕಪಾಟಿನ ಕೀಲಿ ಯಾರ ಬಳಿ ಇದೆ, ಕಳೆದ ವರ್ಷ ಎಷ್ಟು ದಿನ ಸಂಪರ್ಕವಿತ್ತು, ಅಲ್ಲಿಂದ ಎಷ್ಟು ಮನೆಗೆ ತಂತಿ ಹೋಗಿದೆ, ಹೋಗದಿದ್ದರೆ ಏಕೆ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಪ್ರತಿಯನ್ನು ಶಾಸಕರಿಗೂ ಸಂಸದರಿಗೂ ಕಳಿಸಿ. ಅವರು ವೋಟು ಕೇಳಲು ಮನೆಗೆ ಬಂದಾಗ ಚಹಾ ಕೊಡುವ ಮೊದಲು ಆ ಹಾಳೆ ಕೊಡಿ.